12 ಸಾವಿರದೊಳಗೆ ಮನೆಗೊಂದು ಸ್ಟೀರಿಯೋ: ಎಡಿಫೈಯರ್ ಆರ್1280ಟಿ, ಮತ್ತೆ ತುಮಕೂರಲ್ಲಿ ಸಿಗೋ ಬೇರೆ ದಾರಿಗಳು

ಮೊದ್ಲೇ ಹೇಳ್ಬಿಡ್ತೀನಿ. ಕೈಲಿರೋದು ಹತ್ತು ಹನ್ನೆರಡು ಸಾವಿರ, ಮನೇಲಿ ಕೂತು ನೆಮ್ಮದಿಯಾಗಿ ಹಾಡು ಕೇಳ್ಬೇಕು ಅನ್ನೋದಾದ್ರೆ ಐದು ಸ್ಪೀಕರ್ ಒಂದು ಊಫರ್ ಇರೋ ಹೋಮ್ ಥಿಯೇಟರ್ ಬೇಡ, ಕೆಂಪು ನೀಲಿ ಲೈಟ್ ಮಿಣಮಿಣ ಅನ್ನೋ ಟವರೂ ಬೇಡ, ಎರಡೇ ಎರಡು ಒಳ್ಳೇ ಸ್ಪೀಕರ್ ತಗೊಳಿ ಸಾಕು. ಅಷ್ಟೇ ದುಡ್ಡನ್ನ ಆರು ಡಬ್ಬಕ್ಕೆ ಹಂಚಿದ್ರೆ ಒಂದೊಂದರ ಪಾಲಿಗೂ ಬರೋದು ಚೂರುಪಾರು. ನಾನು ತಗೊಂಡಿರೋದು ಎಡಿಫೈಯರ್ ಕಂಪನಿಯ ಆರ್1280ಟಿ ಅನ್ನೋ ಸ್ಪೀಕರ್ ಜೋಡಿ, ಬಟವಾಡೀಲಿರೋ ನಮ್ಮನೆ ಹಾಲ್‌ನಲ್ಲಿ ಬೆಳಗ್ಗೆ ಸಂಜೆ ಓಡ್ತಾ ಇದೆ, ತುಂಬಾ ಖುಷಿಯಾಗಿದೀವಿ, ಆದ್ರೆ ಎಲ್ಲರಿಗೂ ಇದೇ ಸರಿ ಅಂತ ಹೇಳಕ್ಕಾಗಲ್ಲ.

ನಮ್ಮನೇಲಿ ಅಪ್ಪಂಗೆ ಹಿಂದೂಸ್ತಾನಿ, ಅದ್ರಲ್ಲೂ ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನ್ಸೂರ್. ಅಮ್ಮಂಗೆ ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಹಾಡಿರೋ ಹಳೇ ಸಿನಿಮಾ ಹಾಡು. ನಂಗೆ ಎಲ್ಲಾನೂ ಆಗುತ್ತೆ. ಅಂದ್ರೆ ಮೂವರಿಗೂ ಬೇಕಿದ್ದಿದ್ದು ಹಾಡೋರ ದನಿ, ಎದೆಗೆ ಗುದ್ದೋ ಬೇಸ್ ಅಲ್ಲ. ಇದನ್ನ ಮನೇಲೇ ಮಾತಾಡ್ಕೊಂಡು ಹೋಗಿದ್ದು ಒಳ್ಳೇದಾಯ್ತು, ಯಾಕಂದ್ರೆ ಬಿ.ಎಚ್. ರೋಡ್‌ನ ಒಂದು ದೊಡ್ಡ ಶೋರೂಮ್‌ಗೆ ಕಾಲಿಟ್ಟ ತಕ್ಷಣ ಅಲ್ಲಿನ ಹುಡುಗ ಅವ್ರದ್ದೇ ಪೆನ್‌ಡ್ರೈವ್ ಹಾಕಿ ಡಿಜೆ ಬೀಟ್ ಬಿಟ್ಟ, ಶೋಕೇಸ್ ಗಾಜೆಲ್ಲಾ ಅದುರ್ತು, "ನೋಡಿ ಸಾರ್ ಹೆಂಗೈತೆ, ಹತ್ತು ಸಾವಿರ ವ್ಯಾಟು" ಅಂದ. ನಮ್ ಫೋನಿಂದ ಒಂದ್ ಹಾಡು ಹಾಕಪ್ಪ ಅಂದ್ರೆ "ಎಲ್ಲಾ ಒಂದೇ ಸಾರ್, ಬೇಸ್ ನೋಡಿ" ಅಂತ ಜಾರ್ಕೊಂಡ. ನಾವು ಕೇಳೋ ಹಾಡನ್ನ ಹಾಕೋಕೆ ಒಪ್ಪದ ಅಂಗಡೀಲಿ ಸ್ಪೀಕರ್ ತಗೊಳೋ ಪ್ರಶ್ನೇನೇ ಇಲ್ಲ, ಎದ್ದು ಬಂದ್ವಿ.

ಆ ಹತ್ತು ಸಾವಿರ ವ್ಯಾಟ್ ವಿಷ್ಯ ಸ್ವಲ್ಪ ಹೇಳ್ಲೇಬೇಕು. ಡಬ್ಬದ ಮೇಲೆ ಪಿಎಂಪಿಒ ಅಂತ ದಪ್ಪಕ್ಷರದಲ್ಲಿ ಹಾಕಿರ್ತಾರಲ್ಲ, ಅದಕ್ಕೆ ಒಂದು ಗಟ್ಟಿ ಅಳತೆ ಅಂತ ಇಲ್ಲ, ಕಂಪನಿ ಮನಸ್ಸಿಗೆ ಬಂದಷ್ಟು ಬರ್ಕೋಬೋದು. ನೀವು ನೋಡ್ಬೇಕಾಗಿರೋದು ಆರ್‌ಎಂಎಸ್ ವ್ಯಾಟ್, ಅಂದ್ರೆ ಸೆಟ್ಟು ಒಂದೇ ಸಮ ಕೊಡೋಕಾಗೋ ಶಕ್ತಿ. ಅದೂ ಬರ್ದಿಲ್ಲ ಅಂದ್ರೆ ಸೆಟ್ಟನ್ನ ಹಿಂದಕ್ಕೆ ತಿರುಗಿಸಿ ಕರೆಂಟ್ ಎಷ್ಟು ಎಳೆಯುತ್ತೆ ಅಂತ ಇರೋ ಸ್ಟಿಕ್ಕರ್ ಓದಿ. ಗೋಡೆಯಿಂದ 60 ವ್ಯಾಟ್ ಎಳೆಯೋ ಸೆಟ್ಟು ಗಂಟೆಗಟ್ಟಲೆ ಹಾಡೋವಾಗ ಅದಕ್ಕಿಂತ ಜಾಸ್ತಿ ಸ್ಪೀಕರ್‌ಗೆ ಕೊಡೋಕೆ ಎಲ್ಲಿಂದ ತರುತ್ತೆ? ಇನ್ನೊಂದು, ವ್ಯಾಟ್ ಎರಡರಷ್ಟಾದ್ರೆ ಸದ್ದು ಎರಡರಷ್ಟಾಗಲ್ಲ, ಬರೀ 3 ಡೆಸಿಬಲ್ (ಸದ್ದಿನ ಅಳತೆ) ಏರುತ್ತೆ, ಕಿವಿಗೆ ಅದು ಒಂದ್ ಚೂರು ಜಾಸ್ತಿ ಅನ್ಸುತ್ತೆ ಅಷ್ಟೇ. ಸದ್ದು ಎರಡರಷ್ಟು ಆಯ್ತು ಅಂತ ಅನ್ನಿಸ್ಬೇಕಾದ್ರೆ ಸುಮಾರು 10 ಡೆಸಿಬಲ್ ಏರ್ಬೇಕು, ಅದಕ್ಕೆ ಹತ್ತರಷ್ಟು ವ್ಯಾಟ್ ಬೇಕು. ಹಂಗಾಗಿ 20 ವ್ಯಾಟಾ 40 ವ್ಯಾಟಾ ಅಂತ ತಲೆ ಕೆಡಿಸ್ಕೊಳೋ ಬದಲು ಸ್ಪೀಕರ್ ಹೆಂಗೆ ಹಾಡುತ್ತೆ ಅಂತ ಕೇಳಿ. ಹತ್ತಕ್ಕೆ ಹನ್ನೆರಡಡಿ ರೂಮಲ್ಲಿ ನಾವು ಮಾಮೂಲಿ ಕೇಳೋ ವಾಲ್ಯೂಮ್‌ಗೆ ಒಂದೆರಡು ವ್ಯಾಟೇ ಸಾಕಾಗಿರುತ್ತೆ.

ತುಮಕೂರಲ್ಲಿ ಇನ್ನೊಂದು ದಾರಿ ಇದೆ, ಬೆಂಗಳೂರೋರಿಗೆ ಇದರ ಬೆಲೆ ಅಷ್ಟು ಗೊತ್ತಿಲ್ಲ. ಆಂಪ್ಲಿಫೈಯರ್, ಅಂದ್ರೆ ಸ್ಪೀಕರ್‌ಗೆ ಶಕ್ತಿ ಕೊಡೋ ಪೆಟ್ಟಿಗೇನ ಅಸೆಂಬಲ್ ಮಾಡಿಸೋದು. ಟಿವಿ ರೇಡಿಯೋ ರಿಪೇರಿ ಮಾಡೋ ಹಳೇ ಕೈಗಳು ಇನ್ನೂ ಇದಾರೆ, ಅಶೋಕ ರೋಡ್ ಕಡೆ ಒಬ್ರ ಹತ್ರ ಹೋಗಿದ್ವಿ, ಅವ್ರು ಒಂದು ಆಂಪ್ಲಿಫೈಯರ್ ಮುಚ್ಚಳ ಬಿಚ್ಚಿ ಮೇಜಿನ ಮೇಲಿಟ್ಟು ಒಂದೊಂದೇ ತೋರಿಸಿದ್ರು. ಚಿಕ್ಕದು ಬೇಕಂದ್ರೆ 4440 ಅನ್ನೋ ಐಸಿ (ಚಿಪ್ಪು) ಇರೋ ಬೋರ್ಡು, ಅದ್ರದ್ದು ನಿಜವಾದ ಲೆಕ್ಕ ಸ್ಟೀರಿಯೋಗೆ ಒಂದೊಂದ್ ಕಡೆ 6 ವ್ಯಾಟ್ ಅಷ್ಟೇ. ದೊಡ್ಡದಕ್ಕೆ 5200, 1943 ಟ್ರಾನ್ಸಿಸ್ಟರ್ ಜೋಡಿ ಇರೋ ಬೋರ್ಡು. ಬೋರ್ಡ್ ಯಾವುದೇ ಆಗ್ಲಿ, ದುಡ್ಡು ಹಾಕ್ಬೇಕಾದ್ದು ಟ್ರಾನ್ಸ್‌ಫಾರ್ಮರ್‌ಗೆ ಅಂದ್ರು. ತಾಮ್ರದ ತಂತಿ ಸುತ್ತಿರೋದು ಅಂತ ಹೇಳಿ ಅಲ್ಯೂಮಿನಿಯಂದು ಕೊಡೋರಿದಾರೆ, ಅದು ಬೇಗ ಬಿಸಿ ಆಗುತ್ತೆ, ವಾಲ್ಯೂಮ್ ಕೊಟ್ರೆ ದನಿ ಒಡೆಯುತ್ತೆ. ಕೈಲಿ ಹಿಡಿದ್ರೇ ಗೊತ್ತಾಗುತ್ತೆ, ಒಂದೇ ಸೈಜಿಂದು ತಾಮ್ರದ್ದು ಭಾರ ಇರುತ್ತೆ. ಕರೆಂಟನ್ನ ನಯ ಮಾಡೋ ಫಿಲ್ಟರ್ ಕೆಪಾಸಿಟರ್ ಚಿಕ್ಕದಾದ್ರೆ ಹಾಡಿಲ್ಲದಾಗ್ಲೂ ಗುಂಯ್ ಅಂತಿರುತ್ತೆ ಅಂತ ಆನ್ ಮಾಡೇ ಕೇಳಿಸಿದ್ರು. ನಿಮ್ ಮನೇಲಿ ಆಗ್ಲೇ ಒಳ್ಳೇ ಸ್ಪೀಕರ್ ಇದ್ದು ಆಂಪ್ಲಿಫೈಯರ್ ಮಾತ್ರ ಕೆಟ್ಟಿದ್ರೆ ನಾನು ಕಣ್ಮುಚ್ಕೊಂಡು ಇವ್ರ ಹತ್ರ ಕಳಿಸ್ತೀನಿ, ಏನಾದ್ರೂ ಆದ್ರೆ ಎರಡು ರೋಡ್ ದಾಟಿ ತಗೊಂಡ್ ಹೋದ್ರೆ ಸರಿ ಮಾಡ್ಕೊಡ್ತಾರೆ, ಸರ್ವಿಸ್ ಸೆಂಟರ್‌ಗೆ ಕೊರಿಯರ್ ಮಾಡೋ ಗೋಳಿಲ್ಲ. ನಮ್ಮನೇಲಿ ಸ್ಪೀಕರೂ ಇರ್ಲಿಲ್ಲ, ಎರಡೂ ಸೇರಿದ್ರೆ ಬಜೆಟ್ ದಾಟ್ತಿತ್ತು.

ಮೂರನೇದು ಸೆಕೆಂಡ್ ಹ್ಯಾಂಡ್. ರೈಲ್ ಹತ್ತಿ ಬೆಂಗಳೂರಿಗೆ ಹೋದ್ರೆ ಎಸ್.ಪಿ. ರೋಡ್ ಕಡೆ ಹಳೇ ಸೊನೊಡೈನ್, ಫಿಲಿಪ್ಸ್, ಜಪಾನಿಂದ ಬಂದಿರೋ ಸೆಟ್ಟುಗಳು ಕಣ್ಣಿಗೆ ಬೀಳ್ತವೆ, ಒಳ್ಳೇದು ಸಿಕ್ರೆ ಹೊಸದು ಯಾವ್ದೂ ಅದರ ಹತ್ರ ಬರಲ್ಲ. ಆದ್ರೆ ನೋಡ್ ತಗೊಳೋಕೆ ಬರ್ಬೇಕು. ಸ್ಪೀಕರ್ ಕೋನ್ ಸುತ್ತ ಇರೋ ಪಟ್ಟಿ ಫೋಮ್‌ದಾದ್ರೆ ಇಷ್ಟೊತ್ತಿಗೆ ಪುಡಿಪುಡಿ ಆಗಿರುತ್ತೆ, ರಬ್ಬರ್‌ದು ಬಾಳಿಕೆ ಬರುತ್ತೆ. ಎರಡೂ ಕಡೆ ಬೆರಳಿಟ್ಟು ಕೋನನ್ನ ಮೆಲ್ಲಗೆ ಒತ್ತಿ, ಒಳಗೆ ಕರಕರ ಅಂದ್ರೆ ಕೋನ್ ಹಿಂದಿನ ತಂತಿ ಸುರುಳಿ (ಕಾಯಿಲ್) ಉಜ್ತಾ ಇದೆ ಅಂತ ಅರ್ಥ, ಬಿಟ್ಬಿಡಿ. ವಾಲ್ಯೂಮ್ ತಿರುಗ್ಸಿದಾಗ ಪರಪರ ಅನ್ನೋದು ಅಂಥ ದೊಡ್ಡ ವಿಷ್ಯ ಅಲ್ಲ, ಎಲೆಕ್ಟ್ರಾನಿಕ್ಸ್‌ಗೆ ಅಂತ ಸಿಗೋ ಕ್ಲೀನರ್ ಸ್ಪ್ರೇ ಹೊಡೆದ್ರೆ ಸಾಮಾನ್ಯವಾಗಿ ಹೋಗುತ್ತೆ. ಜಪಾನ್ ಸೆಟ್ಟಾದ್ರೆ ಹಿಂದೆ ಎಷ್ಟು ವೋಲ್ಟ್ ಅಂತ ಬರ್ದಿದೆ ನೋಡಿ, ಅಲ್ಲಿ ಮನೆ ಕರೆಂಟ್ 100 ವೋಲ್ಟು, ನಮ್ 230ಕ್ಕೆ ನೇರ ಚುಚ್ಚಿದ್ರೆ ಹೊಗೆ ಬರುತ್ತೆ, ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇರೆ ತಗೋಬೇಕು. ಅಪ್ಪಂಗೆ ಈ ರಿಪೇರಿ ತಾಪತ್ರಯ ಬೇಡ, ಸ್ವಿಚ್ ಹಾಕಿದ್ರೆ ಹಾಡ್ಬೇಕು ಅಂದ್ರು, ಅಲ್ಲಿಗೆ ಆ ಮಾತು ಮುಗೀತು.

ಆರ್1280ಟಿ ಕೇಳಿದ್ದು ತುಮಕೂರಿನ ಎಂ.ಜಿ. ರೋಡ್ ಹತ್ರ ಒಂದು ಚಿಕ್ಕ ಅಂಗಡೀಲಿ. "ಅಣ್ಣ, ನಮ್ ಫೋನಿಂದ ಹಾಕ್ಬೋದಾ" ಅಂದಿದ್ದಕ್ಕೆ "ಹಾಕಿ ಸಾರ್, ಕೇಳ್ದೆ ಹೆಂಗ್ ತಗೊಳ್ತೀರಾ" ಅಂತ ವೈರ್ ಕೊಟ್ಟು, ಅಪ್ಪಂಗೆ ಸ್ಟೂಲ್ ಹಾಕಿ, ತಾವೇ ಫ್ಯಾನ್ ಆಫ್ ಮಾಡಿದ್ರು. ಫ್ಯಾನ್ ಆಫ್ ಮಾಡಿದ್ರಲ್ಲ, ಅಲ್ಲೇ ಗೊತ್ತಾಯ್ತು ಈ ಮನುಷ್ಯಂಗೆ ಹಾಡು ಕೇಳೋದು ಅಂದ್ರೆ ಏನು ಅಂತ. ನಾನು ಮೊದ್ಲು ಹಾಕಿದ್ದು ಅಮ್ಮನ ಹಳೇ ಹಾಡು, ಅದಕ್ಕೆ ಒಂದು ಕಾರಣ ಇದೆ. ಅರವತ್ತರ ದಶಕದ ಸಿನಿಮಾ ಹಾಡುಗಳು ಹೆಚ್ಚಿನವು ಮೋನೋ ರೆಕಾರ್ಡಿಂಗು, ಎಡಕ್ಕೂ ಬಲಕ್ಕೂ ಹೋಗೋದು ಒಂದೇ ಸದ್ದು. ಹಂಗಾಗಿ ಎರಡು ಸ್ಪೀಕರ್‌ಗೂ ಸರಿಸಮ ದೂರದಲ್ಲಿ ಕೂತ್ರೆ ದನಿ ಎರಡರ ನಟ್ಟನಡುವೆ, ಏನೂ ಇಲ್ಲದ ಜಾಗದಲ್ಲಿ ನಿಲ್ಬೇಕು. ಒಂದು ಕಡೆಗೆ ಜಗ್ಗಿದ್ರೆ ಜೋಡಿ ಸರಿ ಇಲ್ಲ, ಎಲ್ಲಿಂದ ಬರ್ತಿದೆ ಅಂತಾನೇ ಗೊತ್ತಾಗದಂಗೆ ಚೆಲ್ಲಾಪಿಲ್ಲಿ ಆಗಿ ಬೇಸೂ ಮಾಯ ಆಗಿದ್ರೆ ಒಂದು ಸ್ಪೀಕರ್‌ನ ಕೆಂಪು ಕಪ್ಪು ವೈರ್ ಅದಲುಬದಲು ಆಗಿದೆ. ಇದಕ್ಕಿಂತ ಸುಲಭದ ಪರೀಕ್ಷೆ ಇನ್ನೊಂದಿಲ್ಲ, ಯಾವ ಡೆಮೋ ಹಾಡೂ ಬೇಡ. ಇಲ್ಲಿ ಜಾನಕಿಯಮ್ಮನ ದನಿ ಮಧ್ಯಕ್ಕೆ ಬಂದು ನಿಂತ್ಕೊಂಡಿದ್ದು ನೋಡಿ ಅಪ್ಪ ಎದ್ದು ಹೋಗಿ ಎರಡು ಸ್ಪೀಕರ್ ನಡುವೆ ಕೈಯಾಡ್ಸಿ ಬಂದ್ರು. ಬೆಲೆ ಹತ್ತು ಸಾವಿರಕ್ಕೆ ಚೂರು ಕಮ್ಮಿ ಆಯ್ತು, ಆನ್‌ಲೈನ್‌ಗಿಂತ ಒಂಚೂರು ಜಾಸ್ತಿನೇ, ಕೇಳಿಸಿದ್ದಕ್ಕೆ ಅಷ್ಟು ಕೊಡೋದು ನ್ಯಾಯ ಅಂತ ನನ್ ಲೆಕ್ಕ.

ಸಾಮಾನಿನ ವಿಷ್ಯ ಬೇಗ ಹೇಳ್ತೀನಿ. 4 ಇಂಚಿನ ಡ್ರೈವರು (ದೊಡ್ಡ ಕೋನ್), ತೆಳು ದನಿಗೆ 13 ಮಿಲಿಮೀಟರ್ ಸಿಲ್ಕ್ ಟ್ವೀಟರು, ಎರಡೂ ಸೇರಿ 42 ವ್ಯಾಟ್ ಆರ್‌ಎಂಎಸ್. ಆಂಪ್ಲಿಫೈಯರ್ ಒಂದು ಸ್ಪೀಕರ್ ಒಳಗೇ ಇದೆ, ಬೇರೆ ತಗೊಳೋದು ಬೇಡ. ವಾಲ್ಯೂಮು, ಬೇಸು, ಟ್ರೆಬಲ್ ತಿರುಗಿಸೋ ಗುಂಡಿಗಳು ಪಕ್ಕದಲ್ಲಿ. ಬ್ಲೂಟೂತ್ ಇಲ್ಲ, ಅದು ಬೇಕಂದ್ರೆ ಇದೇ ಜಾತಿಯ ಆರ್1280ಡಿಬಿ ನೋಡಿ, ಅದರಲ್ಲಿ ಆಪ್ಟಿಕಲ್ಲೂ (ಬೆಳಕಿನ ವೈರಲ್ಲಿ ಟಿವಿ ಸದ್ದು ತಗೊಳೋ ತೂತು) ಇದೆ, ರೇಟ್ ಜಾಸ್ತಿ.

ಇನ್ನು ಸದ್ದು. ಹಾಡೋರು ಉಸಿರು ತಗೊಳೋದು ಕೇಳ್ಸುತ್ತೆ. ಮನ್ಸೂರರ ರೆಕಾರ್ಡಿಂಗ್ ಹಾಕಿದ್ರೆ ತಂಬೂರಿ ಹಿಂದೆಲ್ಲೋ ಝೇಂ ಅಂತ ಒಂದೇ ಸಮ ಹರಡಿರುತ್ತೆ, ಫೋನ್ ಸ್ಪೀಕರ್‌ನಲ್ಲಿ ಅದು ಬರೀ ಗುಯ್‌ಗುಟ್ಟೋ ಸದ್ದಾಗಿತ್ತು, ಇಲ್ಲಿ ತಂತಿ ಮೀಟಿದ್ದು ಒಂದೊಂದೂ ಬಿಡಿಬಿಡಿಯಾಗಿ ಕಿವಿಗೆ ಬೀಳುತ್ತೆ. ತಬಲದ ಬಲಗೈ ಪೆಟ್ಟು ಕಡಕ್ಕಾಗಿದೆ, ಎಡಗೈಯ ಗುಮ್ಮು ಮಾತ್ರ ಅಷ್ಟು ತುಂಬಿ ಬರಲ್ಲ, 4 ಇಂಚಿನ ಕೋನ್ ಗಾಳಿ ತಳ್ಳೋದೇ ಅಷ್ಟು. ಡೊಳ್ಳು, ತಮಟೆ, ಇತ್ತೀಚಿನ ಸಿನಿಮಾದ ಮಾಸ್ ಹಾಡೇ ನಿಮಗೆ ಬೇಕಾದ್ರೆ ಇದು ನಿಮಗಲ್ಲ, ಬೇಸ್ ಗುಂಡಿ ಪೂರ್ತಿ ತಿರುಗ್ಸಿದ್ರೆ ಡ್ರಮ್ ಬರಲ್ಲ, ದನಿ ಮಂಕಾಗುತ್ತೆ ಅಷ್ಟೇ. ನಾವು ಎರಡೂ ಗುಂಡೀನ ಮಧ್ಯಕ್ಕೆ ಬಿಟ್ಟಿದೀವಿ.

ಎಲ್ಲಿಡ್ತೀರಾ ಅನ್ನೋದು ಯಾವುದು ತಗೊಳ್ತೀರಾ ಅನ್ನೋದಷ್ಟೇ ಮುಖ್ಯ, ಇದಕ್ಕೆ ಒಂದ್ ರೂಪಾಯೂ ಖರ್ಚಿಲ್ಲ. ನಮ್ ಕಡೆ ಮನೆಗಳಲ್ಲಿ ಟಿವಿ ಶೋಕೇಸ್ ಇರುತ್ತಲ್ಲ, ಅದರ ಗೂಡೊಳಗೆ ತುರುಕಿದ್ರೆ ಎಂಥ ಸ್ಪೀಕರ್ರೂ ಡಬ್ಬದೊಳಗೆ ಬಾಯಿಟ್ಟು ಮಾತಾಡ್ದಂಗೆ ಕೇಳ್ಸುತ್ತೆ. ಹೊರಗೆ ತೆಗೀರಿ. ಮೂಲೇಲಿಟ್ರೆ ಬೇಸ್ ಊದ್ಕೊಂಡು ಎಲ್ಲದರ ಮೇಲೂ ಕೂರುತ್ತೆ, ಹಿಂದಿನ ಗೋಡೆಯಿಂದ ಒಂದಡಿಯಾದ್ರೂ ಮುಂದಕ್ಕೆ ತನ್ನಿ. ಎರಡು ಸ್ಪೀಕರ್ ನಡುವೆ ಎಷ್ಟು ದೂರ ಇದೆಯೋ ನಿಮಗೂ ಅವಕ್ಕೂ ಹೆಚ್ಚುಕಮ್ಮಿ ಅಷ್ಟೇ ಇರ್ಲಿ, ಟ್ವೀಟರ್ ಕಿವಿ ಮಟ್ಟಕ್ಕೆ ಬರ್ಲಿ. ಅಪ್ಪ ಚಾಪೆ ಮೇಲೆ ಕೂತು ಕೇಳೋದು, ಸೋಫಾ ಲೆಕ್ಕಕ್ಕೆ ಇಟ್ಟಿದ್ದು ಅವ್ರಿಗೆ ತಲೆ ಮೇಲೆ ಹೋಗ್ತಿತ್ತು, ಗಿಡ್ಡ ಸ್ಟೂಲ್ ಮೇಲಿಟ್ಟು ಮೂತಿ ಚೂರು ಮೇಲಕ್ಕೆ ಎತ್ತಿದ ಮೇಲೆ ಚಾಪೆ ಮೇಲಿರೋ ಅಪ್ಪಂಗೂ ಸೋಫಾ ಮೇಲಿರೋರಿಗೂ ಸರಿಹೋಯ್ತು. ಟೈಲ್ಸ್ ನೆಲ, ಬರೀ ಗೋಡೆ ಇರೋ ಹಾಲ್‌ನಲ್ಲಿ ಸದ್ದು ಪುಟಿದು ಪುಟಿದು ಕಿವಿಗೆ ಚುಚ್ಚುತ್ತೆ, ಮುಂದೆ ಒಂದು ದಪ್ಪ ಜಮಖಾನ ಹಾಸಿ, ಕಿಟಕಿಗೆ ಕರ್ಟನ್ ಎಳೀರಿ, ವ್ಯತ್ಯಾಸ ಆಗಿಂದಾಗ್ಲೇ ಗೊತ್ತಾಗುತ್ತೆ.

ಕನೆಕ್ಷನ್ ಬಗ್ಗೆ ಎಚ್ಚರ. ಇದಕ್ಕಿರೋದು ಎರಡು ಜೊತೆ ಆರ್‌ಸಿಎ ತೂತು (ಕೆಂಪು ಬಿಳಿ ಪಿನ್ ಚುಚ್ಚೋದು), ಅಷ್ಟೇ. ಹೊಸ ಟಿವಿಗಳಲ್ಲಿ ಎಷ್ಟೋ ಮಾಡೆಲ್‌ಗೆ ಹೆಡ್‌ಫೋನ್ ಜಾಕೇ ಇರಲ್ಲ, ಆಪ್ಟಿಕಲ್ಲೋ ಎಚ್‌ಡಿಎಂಐ ಎಆರ್‌ಸಿನೋ ಮಾತ್ರ, ಆಗ ನಿಮ್ ಟಿವೀಲಿರೋ ಆಪ್ಟಿಕಲ್‌ನಿಂದಲೋ ಎಆರ್‌ಸಿಯಿಂದಲೋ ಆರ್‌ಸಿಎಗೆ ಬದಲಾಯ್ಸೋ ಚಿಕ್ಕ ಡಬ್ಬ ತಗೋಬೇಕು, ತಗೊಂಡ ಮೇಲೆ ಟಿವಿ ಸೆಟ್ಟಿಂಗ್‌ನಲ್ಲಿ ಆಡಿಯೋನ ಪಿಸಿಎಂ ಅನ್ನೋ ಸಾದಾ ರೂಪಕ್ಕೆ ಇಡಿ, ಡಾಲ್ಬಿ ಅಂತ ಬಿಟ್ರೆ ಆ ಡಬ್ಬಗಳಲ್ಲಿ ಹೆಚ್ಚಿನವು ಸದ್ದೇ ಕೊಡಲ್ಲ, ಸ್ಪೀಕರ್ ಕೆಟ್ಟಿದೆ ಅಂತ ವಾಪಸ್ ಕೊಡೋಕೆ ಓಡ್ತಾರೆ ಜನ. ನಾವು ಹಳೇ ಫೋನೊಂದನ್ನ ಇದಕ್ಕೇ ಅಂತ ಬಿಟ್ಟಿದೀವಿ, ಸಿಮ್ ಇಲ್ಲ, ವೈಫೈ ಸಾಕು, ಹೆಡ್‌ಫೋನ್ ಜಾಕಿಂದ ನೇರ ವೈರು. ನ್ಯೂಸ್‌ಆನ್‌ಏರ್ ಆಪ್‌ನಲ್ಲಿ ಆಕಾಶವಾಣಿ ಬರುತ್ತೆ, ಅದರ ರಾಗಂ ಚಾನೆಲ್ ಹಾಕಿಟ್ರೆ ಅಪ್ಪ ಇನ್ನೇನೂ ಕೇಳಲ್ಲ. ಫೋನ್ ವಾಲ್ಯೂಮ್ ಮುಕ್ಕಾಲಿಗೆ ಮೇಲಿಟ್ಟು ಸ್ಪೀಕರ್ ಕಡೆ ಕಮ್ಮಿ ಮಾಡ್ಕೊಳಿ, ಉಲ್ಟಾ ಮಾಡಿದ್ರೆ ಸುಂಯ್ ಅನ್ನೋ ಸದ್ದು ಜೊತೆಗೇ ದೊಡ್ಡದಾಗುತ್ತೆ.

ಕರೆಂಟ್ ಹೋದಾಗ ಮನೆ ಯುಪಿಎಸ್ ಮೇಲೆ ಹಾಕೋರು ಗಮನಿಸಿ, ಹಳೇ ಸ್ಕ್ವೇರ್ ವೇವ್ ಯುಪಿಎಸ್ ಆದ್ರೆ ಯಾವ ಆಂಪ್ಲಿಫೈಯರೂ ಗುರ್ ಅನ್ನಬೋದು, ಸೈನ್ ವೇವ್‌ದಾದ್ರೆ ಆ ಕಾಟ ಇರಲ್ಲ.

ಹದಿನೈದು ಇಪ್ಪತ್ತು ಸಾವಿರಕ್ಕೆ ಹೋಗೋಕಾಗೋರು ಆಂಪ್ಲಿಫೈಯರ್ ಇಲ್ಲದ ಬುಕ್‌ಶೆಲ್ಫ್ ಸ್ಪೀಕರ್ ಜೋಡಿ ತಗೊಂಡು ಅದಕ್ಕೊಂದು ಚಿಕ್ಕ ಕ್ಲಾಸ್ ಡಿ (ಕಮ್ಮಿ ಬಿಸಿ ಆಗೋ ಬಗೆ) ಆಂಪ್ಲಿಫೈಯರ್ ಸೇರ್ಸಿ, ಮುಂದೆ ಒಂದೊಂದನ್ನೇ ಬದಲಾಯ್ಸಬೋದು. ಅಂಥವುಗಳ ಒಳಗೆ ಸಾಮಾನ್ಯವಾಗಿ ಬರೋ 3116 ಚಿಪ್ಪು 4 ಓಮ್ ಸ್ಪೀಕರ್‌ಗೆ ಒಂದೊಂದ್ ಕಡೆ 50 ವ್ಯಾಟ್ ಕೊಡೋದು 21 ವೋಲ್ಟ್ ಸಿಕ್ಕಿದ್ರೆ, 12 ವೋಲ್ಟ್ ಅಡಾಪ್ಟರ್ ಚುಚ್ಚಿದ್ರೆ ಅರ್ಧವೂ ಬರಲ್ಲ, ಹಂಗಾಗಿ ಡಬ್ಬದಲ್ಲಿ ಯಾವ ಅಡಾಪ್ಟರ್ ಕೊಡ್ತಾರೆ ಅಂತ ಕೇಳ್ಕೊಂಡೇ ತಗೊಳಿ. ಸ್ಪೀಕರ್ ವೈರ್‌ಗೆ ಸಾವಿರಗಟ್ಟಲೆ ಸುರಿಯೋದು ಬೇಡ, ಹಾಲ್ ಅಷ್ಟು ದೂರಕ್ಕೆ ಎಲೆಕ್ಟ್ರಿಕಲ್ ಅಂಗಡೀಲಿ ಸಿಗೋ ಒಂದೂವರೆ ಎಂಎಂ ತಾಮ್ರದ ವೈರ್ ಧಾರಾಳ ಸಾಕು. ಎಲ್ಲೇ ತಗೊಂಡ್ರೂ ಬಿಲ್ ಮೇಲೆ ಸೀರಿಯಲ್ ನಂಬರ್ ಬರೆಸ್ಕೊಳಿ, ಡಬ್ಬ ಥರ್ಮಕೋಲ್ ಸಮೇತ ವಾರಂಟಿ ಮುಗಿಯೋವರ್ಗೂ ಅಟ್ಟದ ಮೇಲಿರ್ಲಿ.