ಪರ್ಲ್ ಜಾಮ್: ಮೂವತ್ತು ವರ್ಷ ಕೇಳಿದವನ ವಿಮರ್ಶೆ

ಬಳಕೆದಾರರ ವಿಮರ್ಶೆಯನ್ನು ನಾವು ಸಾಮಾನ್ಯವಾಗಿ ವಸ್ತು ಕೈಸೇರಿದ ಒಂದೆರಡು ವಾರದೊಳಗೆ, ಅದರ ಹೊಸತನ ಮಾಸುವ ಮೊದಲೇ ಬರೆದುಬಿಡುತ್ತೇವೆ. ಪರ್ಲ್ ಜಾಮ್ ಎಂಬ ಅಮೆರಿಕದ ರಾಕ್ ಬ್ಯಾಂಡನ್ನು ನಾನು ಕೇಳತೊಡಗಿ ಮೂವತ್ತು ವರ್ಷ ದಾಟಿದೆ. ಅದರಲ್ಲಿ ಆರೇಳು ವರ್ಷ ಅದರ ಹೆಸರೆತ್ತಿದರೆ ಮುಖ ತಿರುಗಿಸುತ್ತಿದ್ದೆ. ಈಗ ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತಿದ್ದೇನೆ. ಹದಿಹರೆಯದಲ್ಲಿ ಬರೆದಿದ್ದರೆ ಐದೂ ಕೊಡುತ್ತಿದ್ದೆ, ಆದರೆ ಇವತ್ತು ಕೊಡುವ ಕಾರಣಗಳಲ್ಲಿ ಒಂದೂ ಅಂದು ನನಗೆ ಹೊಳೆಯುತ್ತಿರಲಿಲ್ಲ.

1990ರಲ್ಲಿ ಸಿಯಾಟಲ್‌ನ ಮದರ್ ಲವ್ ಬೋನ್ ಬ್ಯಾಂಡಿನ ಗಾಯಕ ಆಂಡ್ರ್ಯೂ ವುಡ್ ತೀರಿಕೊಂಡ ಮೇಲೆ, ಅದರ ಗಿಟಾರ್ ವಾದಕ ಸ್ಟೋನ್ ಗೊಸಾರ್ಡ್ ಮತ್ತು ಬೇಸ್ ವಾದಕ ಜೆಫ್ ಅಮೆಂಟ್ ಹೊಸ ಗಾಯಕನ ಹುಡುಕಾಟದಲ್ಲಿದ್ದರು. ಮಾತಿಲ್ಲದ, ಬರಿಯ ವಾದ್ಯಗಳಿದ್ದ ಅವರ ಒಂದು ಕ್ಯಾಸೆಟ್ ಡ್ರಮ್ಮರ್ ಜ್ಯಾಕ್ ಐರನ್ಸ್ ಮೂಲಕ ಸ್ಯಾನ್ ಡಿಯೇಗೊದಲ್ಲಿದ್ದ ಎಡ್ಡಿ ವೆಡ್ಡರ್ ಕೈಸೇರಿತು. ಆತ ಸಾಹಿತ್ಯ ಬರೆದು, ತನ್ನ ದನಿಯನ್ನು ಕೂಡಿಸಿ ಹಿಂದಕ್ಕೆ ಕಳುಹಿಸಿದ. ಹಾಗೆ ಕ್ಯಾಸೆಟ್ಟಿನಲ್ಲಿ ಹುಟ್ಟಿದ ಬ್ಯಾಂಡ್ ನನಗೂ ಕ್ಯಾಸೆಟ್ಟಿನಲ್ಲೇ ಸಿಕ್ಕಿತು. 1991ರ ಆಗಸ್ಟ್‌ನಲ್ಲಿ ಬಂದ ಮೊದಲ ಆಲ್ಬಮ್ 'ಟೆನ್' ಅನ್ನು ಗೆಳೆಯನೊಬ್ಬ ನನಗೆ ನಕಲು ಮಾಡಿಕೊಟ್ಟಿದ್ದ. ಬಿ ಬದಿಯ ಆರಂಭದಲ್ಲಿ ಬೇರೇನೋ ಹಾಡುಗಳಿದ್ದುದರಿಂದ ಕೊನೆಯ ಹಾಡಾದ 'ರಿಲೀಸ್' ಅರ್ಧಕ್ಕೆ ತುಂಡಾಗಿತ್ತು. ಗಾಯಕನ ದನಿ ಮೇಲೇರುತ್ತಿರುವಾಗ ಟೇಪು ಮುಗಿದು ಗುಂಡಿ ಟಕ್ಕೆಂದು ಮೇಲೆದ್ದರೆ, ಹಾಡು ಇರುವುದೇ ಹೀಗೆ ಎಂದು ನಾನು ಬಹಳ ಕಾಲ ನಂಬಿದ್ದೆ.

ಆ ಕಾಲದ ನನ್ನ ಬಳಕೆ ತೀರಾ ಸರಳವಾದದ್ದು: ಮನಸ್ಸು ಕುಗ್ಗಿದಾಗ 'ಅಲೈವ್' ಹಾಕುವುದು, ಬದುಕಿದ್ದೇನೆ ಎಂಬ ಅದರ ಪಲ್ಲವಿಗೆ ದನಿಗೂಡಿಸುವುದು, ಕೊನೆಯಲ್ಲಿ ಮೈಕ್ ಮೆಕ್ರೆಡಿಯ ಗಿಟಾರ್ ಸೋಲೋಗೆ ಗಾಳಿಯಲ್ಲಿ ಬೆರಳಾಡಿಸುವುದು. ಅದು ವಿಜಯಗೀತೆಯಲ್ಲ ಎಂಬುದು ಎಷ್ಟೋ ವರ್ಷದ ಮೇಲೆ ತಿಳಿಯಿತು. ತಂದೆಯೆಂದು ತಾನು ತಿಳಿದಿದ್ದವನು ಮಲತಂದೆ, ಹೆತ್ತ ತಂದೆ ಆಗಲೇ ತೀರಿಹೋಗಿದ್ದಾನೆ ಎಂದು ಹುಡುಗನೊಬ್ಬನಿಗೆ ಗೊತ್ತಾಗುವುದು ಆ ಹಾಡಿನ ಬೀಜ, ಮತ್ತು ಅದು ವೆಡ್ಡರನ ಸ್ವಂತ ಬದುಕಿನದು. ಬದುಕಿರುವುದು ಅಲ್ಲಿ ಶಾಪ. ಆದರೆ ಸಾವಿರಾರು ಜನ ಅದನ್ನು ಸಂಭ್ರಮದಿಂದ ಹಾಡುತ್ತ ಬಂದದ್ದರಿಂದ ಹಾಡಿನ ಅರ್ಥವೇ ತನಗೆ ಬದಲಾಯಿತು, ಶಾಪ ಕಳಚಿತು ಎಂದು ವೆಡ್ಡರ್ 2006ರ ಒಂದು ಟಿವಿ ಕಾರ್ಯಕ್ರಮದಲ್ಲಿ ಹೇಳಿಕೊಂಡ. ಅದನ್ನು ಕೇಳಿದಾಗ ಮೊದಲು ನನಗಾದದ್ದು ನಾಚಿಕೆ, ಸಮಾಧಾನವಾದದ್ದು ಆಮೇಲೆ.

ಧ್ವನಿಯ ಗುಣಮಟ್ಟದ ಬಗ್ಗೆ ಒಂದು ಮಾತು, ಏಕೆಂದರೆ ಹೊಸದಾಗಿ ಕೇಳುವವರು ಇಲ್ಲೇ ಗೊಂದಲಕ್ಕೆ ಬೀಳುತ್ತಾರೆ. 'ಟೆನ್' ಎರಡು ರೂಪಗಳಲ್ಲಿ ದೊರೆಯುತ್ತದೆ. 1991ರ ಮೂಲ ಮಿಶ್ರಣದಲ್ಲಿ ಪ್ರತಿಧ್ವನಿ ಧಾರಾಳವಾಗಿದೆ. ಇಡೀ ಬ್ಯಾಂಡು ಒಂದು ದೊಡ್ಡ ಗುಹೆಯಲ್ಲಿ ನಿಂತು ನುಡಿಸಿದಂತಿದೆ. 2009ರಲ್ಲಿ ಬ್ರೆಂಡನ್ ಓಬ್ರಿಯನ್ ಮಾಡಿದ ಮರುಮಿಶ್ರಣದಲ್ಲಿ ಆ ಮಂಜು ತೆಗೆದು, ಗಿಟಾರುಗಳನ್ನು ಹತ್ತಿರಕ್ಕೆ ತಂದಿದ್ದಾರೆ. ಹೆಡ್‌ಫೋನಿನಲ್ಲಿ ಕೇಳಿದರೆ ಎರಡನೆಯದೇ ಉತ್ತಮವೆಂದು ಬುದ್ಧಿ ಒಪ್ಪುತ್ತದೆ, ಆದರೂ ನನ್ನ ಕೈ ಹೋಗುವುದು ಮೊದಲನೆಯದಕ್ಕೆ. ಸವೆದ ಟೇಪಿನಲ್ಲಿ ಕಿವಿ ಪಳಗಿಸಿಕೊಂಡವರಿಗೆ ಮಂಜೂ ಹಾಡಿನ ಒಂದು ಭಾಗವೇ.

ಮುಂದಿನ ಕೆಲವು ವರ್ಷ ಈ ಬ್ಯಾಂಡು ತನ್ನ ಗ್ರಾಹಕರನ್ನು ದೂರ ಮಾಡಲು ಪಟ್ಟಷ್ಟು ಶ್ರಮವನ್ನು ಬೇರೆ ಯಾರೂ ಪಟ್ಟಿದ್ದನ್ನು ನಾನು ಕಂಡಿಲ್ಲ. 1993ರ 'ವರ್ಸಸ್' ಮೊದಲ ವಾರದಲ್ಲೇ ಅಮೆರಿಕದಲ್ಲಿ ಸುಮಾರು 9,50,000 ಪ್ರತಿ ಮಾರಾಟವಾಗಿ ದಾಖಲೆ ಬರೆದಾಗ, ಇವರು ಮ್ಯೂಸಿಕ್ ವಿಡಿಯೊ ಮಾಡುವುದನ್ನೇ ನಿಲ್ಲಿಸಿದ್ದರು. 1994ರಲ್ಲಿ, ಕಛೇರಿಗಳ ಟಿಕೆಟ್ ಮಾರುವ ಟಿಕೆಟ್‌ಮಾಸ್ಟರ್ ಕಂಪನಿಯ ಏಕಸ್ವಾಮ್ಯದ ವಿರುದ್ಧ ಅಮೆರಿಕದ ನ್ಯಾಯ ಇಲಾಖೆಗೆ ದೂರು ಕೊಟ್ಟರು. ಗೊಸಾರ್ಡ್ ಮತ್ತು ಅಮೆಂಟ್ ಸಂಸದೀಯ ಸಮಿತಿಯ ಮುಂದೆ ಕುಳಿತು ಸಾಕ್ಷ್ಯ ನುಡಿದರು. ಮರುವರ್ಷ ಇಲಾಖೆ ತನಿಖೆ ಕೈಬಿಟ್ಟಿತು. ಗೆಲ್ಲಲಾರದ ಜಗಳಕ್ಕೆ ಇಳಿದರೆಂಬ ಕಾರಣಕ್ಕೇ ನನಗೆ ಅವರ ಮೇಲೆ ಪ್ರೀತಿ ಇಮ್ಮಡಿಯಾಯಿತು.

ಆದರೆ 1996ರ 'ನೋ ಕೋಡ್' ನನ್ನ ಸಹನೆಯನ್ನು ಕೆಡಿಸಿತು. ಅದರೊಳಗೆ ಪೋಲರಾಯ್ಡ್ ಚಿತ್ರಗಳಂಥ ಕಾರ್ಡುಗಳಿದ್ದವು, ಅವುಗಳ ಬೆನ್ನಿನ ಮೇಲೆ ಹಾಡುಗಳ ಸಾಹಿತ್ಯವಿತ್ತು, ಆದರೆ ಒಂದು ಪ್ರತಿಯೊಳಗೆ ಎಲ್ಲ ಹಾಡುಗಳ ಕಾರ್ಡೂ ಇರುತ್ತಿರಲಿಲ್ಲ. ಹಾಡುಗಳೂ ಹಾಗೆಯೇ ಅನ್ನಿಸಿದವು: ಒಂದು ಪಿಸುಗುಟ್ಟಿದರೆ ಇನ್ನೊಂದು ಅರಚುತ್ತದೆ, ಒಂದಕ್ಕೂ ಇನ್ನೊಂದಕ್ಕೂ ನಂಟಿಲ್ಲ, 'ಅಲೈವ್'ನಂಥದ್ದು ಹುಡುಕಿದರೂ ಇಲ್ಲ. ಅದನ್ನು ಯಾರಿಗೋ ಎರವಲು ಕೊಟ್ಟೆ, ವಾಪಸು ಕೇಳಲಿಲ್ಲ. ಇವತ್ತು ಅವರ ಆಲ್ಬಮ್‌ಗಳಲ್ಲಿ ನಾನು ಅತಿ ಹೆಚ್ಚು ಬಾರಿ ಪೂರ್ತಿ ಕೇಳುವುದು ಅದನ್ನೇ. ನಲವತ್ತು ದಾಟಿದ ಮೇಲೆ ಕೇಳಬೇಕಾದದ್ದನ್ನು ಇಪ್ಪತ್ತರೊಳಗೆ ಕೇಳಿದ ತಪ್ಪು ನನ್ನದು.

ನಾನು ಮರಳಿದ್ದು ಹೊಸ ಆಲ್ಬಮ್‌ನ ದಾರಿಯಿಂದಲ್ಲ. 2000ದ ಪ್ರವಾಸದ ಕಛೇರಿಗಳನ್ನು ಬ್ಯಾಂಡು ತಾನೇ ಧ್ವನಿಮುದ್ರಿಸಿ 72 ಪ್ರತ್ಯೇಕ ಆಲ್ಬಮ್‌ಗಳಾಗಿ ಹೊರತಂದಿತ್ತು. ಕಳ್ಳಪ್ರತಿ ಮಾರುವವರ ಕೆಲಸವನ್ನು ತಾನೇ ಚೊಕ್ಕಟವಾಗಿ ಮಾಡಿ ತೋರಿಸಿದಂತೆ. ಅದೇ ಪ್ರವಾಸದಲ್ಲಿ, ಜೂನ್ 30ರಂದು, ಡೆನ್ಮಾರ್ಕಿನ ರಾಸ್ಕಿಲ್ಡ ಉತ್ಸವದಲ್ಲಿ ಇವರು ನುಡಿಸುತ್ತಿರುವಾಗ ನೂಕುನುಗ್ಗಲಿಗೆ ಸಿಕ್ಕಿ ಒಂಬತ್ತು ಮಂದಿ ಯುವಕರು ಸತ್ತರು. ಆ ರಾತ್ರಿಯ ಮುದ್ರಣ ಸರಣಿಯಲ್ಲಿಲ್ಲ. ಅದರ ನಂತರದ ಕಛೇರಿಗಳಲ್ಲಿ ಜನ ಕೂಗಿದಾಗಲೆಲ್ಲ ನನಗೆ ಆ ಒಂಬತ್ತರ ನೆನಪಾಗುತ್ತದೆ.

ನಾನು ಇವರನ್ನು ಕಣ್ಣೆದುರು ಕಂಡವನಲ್ಲ. ನನ್ನ ಪಾಲಿನ ಕಛೇರಿಗಳು ಈ ಧ್ವನಿಮುದ್ರಣಗಳೇ. ಒಂದೇ ಪಟ್ಟಿಯನ್ನು ಊರಿಂದ ಊರಿಗೆ ಹೊತ್ತು ತಿರುಗುವ ಪದ್ಧತಿ ಇವರದಲ್ಲ, ಆಯಾ ರಾತ್ರಿಯ ಪಟ್ಟಿ ಆಯಾ ರಾತ್ರಿಗೇ. ಇದರ ಸುಖ ತಿಳಿಯಬೇಕಾದರೆ 'ಯೆಲ್ಲೋ ಲೆಡ್‌ಬೆಟರ್' ಎಂಬ ಹಾಡನ್ನು ಕೇಳಬೇಕು. 1992ರಲ್ಲಿ 'ಜೆರೆಮಿ' ಸಿಂಗಲ್‌ನ ಹಿಂಬದಿಗೆ ಹಾಕಿದ್ದ ಈ ಹಾಡಿನ ಮಾತುಗಳನ್ನು ವೆಡ್ಡರ್ ಬಾಯೊಳಗೇ ಮುಕ್ಕುತ್ತಾನೆ. ನನ್ನ ಇಂಗ್ಲಿಷ್ ಸಾಲದು ಎಂದುಕೊಂಡು, ಟೇಪನ್ನು ಹಿಂದಕ್ಕೆ ಮುಂದಕ್ಕೆ ಓಡಿಸಿ, ಕೇಳಿಸಿದ್ದನ್ನು ಕನ್ನಡ ಅಕ್ಷರದಲ್ಲಿ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೆ. ಅರ್ಥವಾಗದ ಕಡೆ ಗೆರೆ ಎಳೆದಿದ್ದೆ, ಮಾತಿಗಿಂತ ಗೆರೆಯೇ ಹೆಚ್ಚಿತ್ತು. ಇಂಗ್ಲಿಷನ್ನು ತಾಯ್ನುಡಿಯಾಗಿ ಆಡುವವರಿಗೂ ಅದು ಅರ್ಥವಾಗುವುದಿಲ್ಲ, ಮಾತುಗಳು ಕಛೇರಿಯಿಂದ ಕಛೇರಿಗೆ ಬದಲಾಗುತ್ತವೆ ಎಂದು ಆಮೇಲೆ ತಿಳಿಯಿತು. ಕಛೇರಿಯ ಕಟ್ಟಕಡೆಯಲ್ಲಿ ಹೆಚ್ಚಾಗಿ ಬರುವ ಈ ಹಾಡನ್ನು ನಾನು ನಲವತ್ತು ಐವತ್ತು ರಾತ್ರಿಗಳ ಮುದ್ರಣದಲ್ಲಿ ಕೇಳಿದ್ದೇನೆ. ಒಂದರಲ್ಲಿ ಗಿಟಾರು ಆತುರದಲ್ಲಿದೆ, ಇನ್ನೊಂದರಲ್ಲಿ ಗಾಯಕನ ಗಂಟಲು ಕಟ್ಟಿದೆ, ಮತ್ತೊಂದರಲ್ಲಿ ಜನರೆಲ್ಲ ಒಂದೇ ದನಿಯಲ್ಲಿ ಹಾಡುತ್ತಾರೆ, ಏನು ಹಾಡುತ್ತಿದ್ದಾರೋ ಅವರಿಗೂ ಗೊತ್ತಿಲ್ಲ. ನನ್ನ ಗೆರೆಗಳು ಸರಿಯಾಗಿಯೇ ಇದ್ದವು.

ದೂರುಗಳಿಲ್ಲವೆಂದಲ್ಲ. 2013ರ ಆಲ್ಬಮ್ 'ಲೈಟ್ನಿಂಗ್ ಬೋಲ್ಟ್'ನ ಅರ್ಧ ಹಾಡುಗಳು ನನ್ನ ನೆನಪಿನಲ್ಲಿ ನಿಂತಿಲ್ಲ. ಆಂಡ್ರ್ಯೂ ವಾಟ್ ನಿರ್ಮಿಸಿದ 2024ರ 'ಡಾರ್ಕ್ ಮ್ಯಾಟರ್' ಚುರುಕಾಗಿದೆ, ಆದರೆ ಹೊಳಪು ಕೊಂಚ ಜಾಸ್ತಿ. 'ಟೆನ್ ಕ್ಲಬ್' ಎಂಬ ಅಭಿಮಾನಿ ಸಂಘದ ಸದಸ್ಯತ್ವದಲ್ಲಿ ಹಿರಿತನಕ್ಕೆ ತಕ್ಕಂತೆ ಆಸನ ಕೊಡುವ ಕ್ರಮ ಹಳಬರಿಗೆ ನ್ಯಾಯ, ಹೊಸಬರಿಗೆ ಹಿಂದಿನ ಸಾಲು. 1994ರಲ್ಲಿ ಜಗಳಕ್ಕೆ ನಿಂತವರು ಕೆಲವೇ ವರ್ಷಗಳಲ್ಲಿ ಅದೇ ಕಂಪನಿಯ ಮೂಲಕ ಟಿಕೆಟ್ ಮಾರತೊಡಗಿದ್ದನ್ನು ನಾನು ಕ್ಷಮಿಸಿದ್ದೇನೆ, ಮರೆತಿಲ್ಲ. ಕಡಿದುಕೊಂಡ ನಕ್ಷತ್ರದಲ್ಲಿ ಅರ್ಧ ಅದರ ಪಾಲು.

ಹೊಸದಾಗಿ ತೊಡಗುವವರು 'ಟೆನ್'ನಿಂದ ತೊಡಗಲಿ, ಅದನ್ನು ತಪ್ಪಿಸಲಾಗದು. ಆದರೆ ಅಲ್ಲಿಂದ ನೇರವಾಗಿ ಯಾವುದಾದರೂ ಒಂದು ರಾತ್ರಿಯ ಪೂರ್ಣ ಧ್ವನಿಮುದ್ರಣಕ್ಕೆ ಹೋಗಲಿ, ಎರಡೂವರೆ ಗಂಟೆ ಬಿಡುವು ಮಾಡಿಕೊಂಡು, ಹಾಡು ಹಾರಿಸದೆ. ಉಳಿದ ಅರ್ಧ ನಕ್ಷತ್ರವನ್ನು ಸದ್ಯಕ್ಕೆ ತಡೆಹಿಡಿದಿದ್ದೇನೆ. 1998ರಿಂದ ಡ್ರಮ್ಸ್ ನುಡಿಸಿದ ಮ್ಯಾಟ್ ಕ್ಯಾಮರನ್ 2025ರ ಜುಲೈನಲ್ಲಿ ಬ್ಯಾಂಡ್ ತೊರೆದರು, ನಾನು ಕೇಳಿದ ಕಛೇರಿಗಳಲ್ಲಿ ಬಹುಪಾಲು ಅವರ ಕೈಯ ಲಯದಲ್ಲೇ ನಡೆದವು. ಅವರ ಜಾಗದಲ್ಲಿ ಯಾರೇ ಕುಳಿತರೂ, ಆ ಹೊಸಬರ ಮೊದಲ ರಾತ್ರಿಯ ಮುದ್ರಣದಲ್ಲಿ 'ಯೆಲ್ಲೋ ಲೆಡ್‌ಬೆಟರ್' ಕೇಳಿದ ಮೇಲೆ ಈ ವಿಮರ್ಶೆಯನ್ನು ತಿದ್ದುತ್ತೇನೆ.