ಮಿಡಿ ಕೇಬಲ್‌ಗೆ ಇಷ್ಟು ದುಡ್ಡಾ ಅಂದವನು ನಾನೇ: ರೋಲಂಡ್ ಯುಎಂ-ಒನ್ ಎಂಕೆ2

ನನ್ನ ಹತ್ರ ಒಂದು ಯಮಾಹಾ ಡಿಎಕ್ಸ್7 ಸಿಂಥ್ (ಸೌಂಡ್ ತಾನೇ ಹುಟ್ಟಿಸೋ ಎಲೆಕ್ಟ್ರಾನಿಕ್ ಕೀಬೋರ್ಡ್) ಇದೆ, 1983ರಲ್ಲಿ ಬಂದ ಮಾಡೆಲ್. ಅದರೊಳಗಿನ 32 ಸೌಂಡ್‌ಗಳನ್ನು ಕಂಪ್ಯೂಟರ್‌ನಲ್ಲಿ ಉಳಿಸಿಕೊಳ್ಳೋಣ ಅಂತ ಎರಡು ಭಾನುವಾರ ಒದ್ದಾಡಿದೆ. ಕೀಬೋರ್ಡೇ ಕೈಕೊಟ್ಟಿತು ಅಂದುಕೊಂಡಿದ್ದೆ. ಮಿಡಿ ಅಂದ್ರೆ ಕೀಬೋರ್ಡೂ ಕಂಪ್ಯೂಟರೂ ಮಾತಾಡಿಕೊಳ್ಳೋ ಭಾಷೆ. ಪಾಪ, ತಪ್ಪು ಕೀಬೋರ್ಡಿನದ್ದಲ್ಲ, ಅಗ್ಗಕ್ಕೆ ಸಿಕ್ಕಿತು ಅಂತ ಆನ್‌ಲೈನ್‌ನಲ್ಲಿ ತರಿಸಿದ್ದ ಯುಎಸ್‌ಬಿ-ಮಿಡಿ ಕೇಬಲ್‌ದು.

ಈ ಅಗ್ಗದ ಕೇಬಲ್‌ನಲ್ಲಿ ಕೀ ಒತ್ತಿದರೆ ನೋಟ್ ಸರಿಯಾಗಿಯೇ ಹೋಗುತ್ತದೆ, ಹಾಗಾಗಿ ಅದರ ಮೇಲೆ ಅನುಮಾನವೇ ಬರಲ್ಲ. ನೋಟ್ ಅಂದ್ರೆ ಬರೀ ಮೂರು ಬೈಟ್. ಆದರೆ ಡಿಎಕ್ಸ್7ನ ಇಡೀ ಬ್ಯಾಂಕ್, ಅಂದ್ರೆ ಆ 32 ಸೌಂಡ್ ಸೇರಿದ ಗುಂಪು, ಒಂದೇ ಸಿಸೆಕ್ಸ್ ಮೆಸೇಜ್ (ಆಯಾ ಕಂಪನಿಯ ಯಂತ್ರಕ್ಕೇ ಸೇರಿದ ಮಾಹಿತಿ ಹೊರೋ ಮಿಡಿ ಮೆಸೇಜ್), 4104 ಬೈಟ್, ಮಿಡಿಯ ವೇಗ ಸೆಕೆಂಡಿಗೆ 31,250 ಬಿಟ್ ಆದ್ದರಿಂದ ಹೋಗೋಕೆ ಸುಮಾರು 1.3 ಸೆಕೆಂಡ್ ಬೇಕು. ಮಧ್ಯೆ ಒಂದು ಬೈಟ್ ಬಿದ್ದುಹೋದರೂ ಅಷ್ಟೂ ವೇಸ್ಟ್. ಮಿಡಿ ಮೆಸೇಜ್ ತೋರಿಸೋ ಮಿಡಿ-ಆಕ್ಸ್ ಅನ್ನೋ ಸಾಫ್ಟ್‌ವೇರ್ ತೆರೆದು ನೋಡಿದರೆ ಮೊದಲ ಸಲ ಮೂರು ಸಾವಿರ ಬೈಟೂ ಬಂದಿಲ್ಲ, ಎರಡನೇ ಸಲ ಇನ್ನೊಂದು ಲೆಕ್ಕ, ಮೆಸೇಜ್ ಮುಗಿಯಿತು ಅಂತ ಹೇಳೋಕೆ ಕೊನೆಯಲ್ಲಿ ಇರಲೇಬೇಕಾದ ಎಫ್7 ಬೈಟ್ ಎರಡು ಸಲವೂ ನಾಪತ್ತೆ.

ಕೊನೆಗೆ ಅದರ ಬದಲು ರೋಲಂಡ್ ಕಂಪನಿಯ ಯುಎಸ್‌ಬಿ-ಮಿಡಿ ಕೇಬಲ್, ಯುಎಂ-ಒನ್ ಹಾಕಿದೆ. ಮೊದಲ ಸಲಕ್ಕೇ 4104. ಇನ್ನೂ ಐದು ಸಲ ತರಿಸಿ ನೋಡಿದೆ, ಸುಮ್ನೆ, ಖುಷಿಗೆ.

ಆ ಬ್ಯಾಂಕನ್ನು ಕೀಬೋರ್ಡಿಗೆ ವಾಪಸ್ ಕಳಿಸುವಾಗ ಮಾತ್ರ ಮತ್ತೆ ಏನೂ ಆಗಲಿಲ್ಲ. ಇದಕ್ಕೂ ಕೇಬಲ್‌ಗೆ ಬೈಯೋಣ ಅಂತಿದ್ದೆ, ನೋಡಿದರೆ ಕೀಬೋರ್ಡಿನಲ್ಲಿ ಮೆಮೊರಿ ಪ್ರೊಟೆಕ್ಟ್, ಅಂದ್ರೆ ಒಳಗಿನ ಸೌಂಡ್ ಬದಲಾಗದಂತೆ ಕಾಯೋ ಬೀಗ, ಆನ್ ಇತ್ತು. ಪವರ್ ಹಾಕಿದಾಗಲೆಲ್ಲ ಒಮ್ಮೆ ನೋಡಿಕೊಳ್ಳಿ. ಫಂಕ್ಷನ್‌ನ 8ನೇ ಬಟನ್ ಒತ್ತುತ್ತಾ ಹೋದರೆ ಸಿಸ್ ಇನ್ಫೋ ಅಂತ ಬರುತ್ತದೆ, ಸಿಸೆಕ್ಸ್ ಹೋಗಿ ಬರೋಕೆ ಅದು ಅವೇಲ್ (ಲಭ್ಯ) ಅಂತ ಇರಬೇಕು. ಕಳಿಸಿದ ಬ್ಯಾಂಕ್ ಒಳಗಿರುವ 32ನ್ನೂ ಅಳಿಸಿ ಕೂರುತ್ತದೆ, ಆದ್ದರಿಂದ ಮೊದಲು ಬ್ಯಾಕಪ್, ಆಮೇಲೆ ಉಳಿದದ್ದು. ಹಳೆಯ ಸಿಂಥ್ ವೇಗಕ್ಕೆ ಏಗದಿದ್ದರೆ ಮಿಡಿ-ಆಕ್ಸ್‌ನ ಸಿಸೆಕ್ಸ್ ಸೆಟ್ಟಿಂಗ್‌ನಲ್ಲಿ ಬಫರ್‌ಗಳ ನಡುವಿನ ಡಿಲೇ ಸ್ವಲ್ಪ ಜಾಸ್ತಿ ಮಾಡಿ.

ಯುಎಂ-ಒನ್ ಬಗ್ಗೆ ದೂರೂ ಇದೆ. ವೈರ್‌ಗಳು ಡಬ್ಬಿಗೇ ಅಂಟಿಕೊಂಡಿವೆ, ಒಂದು ತುಂಡಾದರೆ ಬದಲಾಯಿಸೋ ಹಾಗಿಲ್ಲ. ಇನ್ ಒಂದು, ಔಟ್ ಒಂದು ಅಷ್ಟೆ, ಎರಡು ಸಿಂಥ್ ಇದ್ದವರು ಕಿತ್ತು ಹಾಕುತ್ತಲೇ ಇರಬೇಕು. ಪಕ್ಕದಲ್ಲಿ ಒಂದು ಪುಟ್ಟ ಸ್ವಿಚ್ ಇದೆ, ಕಂಪ್ಯೂಟರ್‌ಗೆ ಒಂದು ಕಡೆ, ಟ್ಯಾಬ್ಲೆಟ್‌ಗೆ ಇನ್ನೊಂದು ಕಡೆ. ಅದು ಕಣ್ಣಿಗೇ ಬೀಳಲ್ಲ, ನನಗೆ ಅರ್ಧ ಗಂಟೆ ಅಲ್ಲೇ ಹೋಯಿತು.

ಹಳೆ ಕೇಬಲ್ ಎಸೆದಿಲ್ಲ. ಮಗಳ ಪುಟ್ಟ ಕೀಬೋರ್ಡಿಗೆ ಹಾಕಿಕೊಟ್ಟಿದ್ದೇನೆ, ಅವಳಿಗೆ ನೋಟ್ ಹೋದರೆ ಸಾಕಲ್ವಾ.