ಸಲಹೆ ಕೊಡಿ, ಸಹಿ ಬೇಡ: ಸ್ಟಾರ್ಟಪ್ ಮೆಂಟರ್‌ಗಳಿಗೊಂದು ಎಚ್ಚರಿಕೆ

ಶನಿವಾರ ಬಿಡುವು ಮಾಡಿಕೊಂಡು ಹೊಸ ಸ್ಟಾರ್ಟಪ್ ತಂಡಗಳಿಗೆ ಬಿಟ್ಟಿಯಾಗಿ ದಾರಿ ತೋರಿಸುವ ಇಂಜಿನಿಯರುಗಳು ಬೆಂಗಳೂರಿನಲ್ಲಿ ಬಹಳ ಮಂದಿ ಇದ್ದಾರೆ. ಒಳ್ಳೆಯ ಕೆಲಸ, ಮಾಡಲೇಬೇಕಾದ ಕೆಲಸ. ಅಂಥ ಒಬ್ಬರಿಗೆ ಆದದ್ದನ್ನು ಇಲ್ಲಿ ಬರೆಯುತ್ತಿರುವುದು ಅದು ಇನ್ನೊಬ್ಬರಿಗೆ ಆಗಬಾರದೆಂದು.

ಇಬ್ಬರು ಹುಡುಗರ ತಂಡ. ಆರು ತಿಂಗಳಿಗೆ ಒಬ್ಬ ಬಿಟ್ಟುಹೋದ. 2013ರ ಕಂಪನಿ ಕಾಯ್ದೆಯ ಪ್ರಕಾರ ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಕನಿಷ್ಠ ಇಬ್ಬರು ಡೈರೆಕ್ಟರುಗಳು ಬೇಕು. ಉಳಿದವನು ಮೆಂಟರ್ ಹತ್ತಿರ ಬಂದು, "ಸರ್, ಹೆಸರಿಗೆ ಮಾತ್ರ. ಎರಡು ತಿಂಗಳಲ್ಲಿ ಬೇರೆಯವರನ್ನ ಹಾಕ್ಕೋತೀನಿ" ಎಂದ. ಇವರು ಡಿಐಆರ್-2 ಸಮ್ಮತಿಪತ್ರಕ್ಕೆ ಸಹಿ ಹಾಕಿದರು. ಡಿಜಿಟಲ್ ಸಹಿ ಇರುವ, ಪೆನ್‌ಡ್ರೈವ್‌ನಂಥ ಯುಎಸ್‌ಬಿ ಟೋಕನ್ನಿಗೆ ಪಾಸ್‌ವರ್ಡ್ ಚೀಟಿ ಅಂಟಿಸಿ ಆಡಿಟರ್ ಆಫೀಸಿಗೆ ಕೊಟ್ಟು ಬಂದರು. ಅದು ಇನ್ನೂ ಹತ್ತಾರು ಟೋಕನ್ನುಗಳ ಜೊತೆ ರಬ್ಬರ್‌ಬ್ಯಾಂಡ್ ಸುತ್ತಿಸಿಕೊಂಡು ಡ್ರಾಯರ್ ಸೇರಿತು. ಆ ಟೋಕನ್ ಯಾರ ಕೈಯಲ್ಲಿದೆಯೋ ನಿಮ್ಮ ಸಹಿ ಅವರ ಕೈಯಲ್ಲಿದೆ. ಅದನ್ನು ಯಾರಿಗೂ ಬಿಟ್ಟು ಬರಬಾರದು.

ವರ್ಷದೊಳಗೆ ಹಣ ಮುಗಿದು ಹುಡುಗ ಬೇರೆ ಊರಲ್ಲಿ ಕೆಲಸಕ್ಕೆ ಸೇರಿಕೊಂಡ. ಕಂಪನಿ ಮುಚ್ಚಿತು ಎಂದೇ ಎಲ್ಲರೂ ತಿಳಿದರು. ದಾಖಲೆಯಲ್ಲಿ ಅದು ಜೀವಂತವಾಗಿಯೇ ಇತ್ತು. ವ್ಯಾಪಾರ ನಡೆಯಲಿ ಬಿಡಲಿ, ವಾರ್ಷಿಕ ಸಭೆಯಾದ 30 ದಿನದೊಳಗೆ ಲೆಕ್ಕಪತ್ರದ ಎಒಸಿ-4, 60 ದಿನದೊಳಗೆ ವಾರ್ಷಿಕ ವಿವರದ ಎಂಜಿಟಿ-7ಎ ಸಲ್ಲಿಸಬೇಕು. ತಡವಾದರೆ ಒಂದೊಂದು ಫಾರಂಗೂ ದಿನಕ್ಕೆ 100 ರೂಪಾಯಿ, ಅದಕ್ಕೆ ಮೇಲ್ಮಿತಿಯಿಲ್ಲ. ಎರಡು ಫಾರಂ ಸೇರಿ ಒಂದು ವರ್ಷದ ವಿಳಂಬಕ್ಕೇ 73,000 ರೂಪಾಯಿ.

ಶುಲ್ಕ ಕಂಪನಿಯದ್ದು, ತನಗೇನು ಎಂದುಕೊಂಡರೆ ಅಲ್ಲೇ ಎಡವಟ್ಟು. ಸತತ ಮೂರು ಹಣಕಾಸು ವರ್ಷ ಈ ದಾಖಲೆ ಸಲ್ಲಿಕೆಯಾಗದಿದ್ದರೆ ಕಾಯ್ದೆಯ ಸೆಕ್ಷನ್ 164(2)ರಡಿ ಅದರ ಡೈರೆಕ್ಟರುಗಳು 5 ವರ್ಷ ಡೈರೆಕ್ಟರ್ ಆಗಿ ನೇಮಕವಾಗಲು ಅನರ್ಹ. ಸೆಕ್ಷನ್ 167 ಇನ್ನೂ ಕಠಿಣ: ನೀವು ಡೈರೆಕ್ಟರ್ ಆಗಿರುವ ಉಳಿದೆಲ್ಲ ಕಂಪನಿಗಳಲ್ಲಿ ಸ್ಥಾನ ಹೋಗುತ್ತದೆ, ತಪ್ಪು ಮಾಡಿದ ಆ ಕಂಪನಿಯಲ್ಲಿ ಮಾತ್ರ ಉಳಿಯುತ್ತದೆ. ಈ ಮೆಂಟರ್ ಅಣ್ಣನ ಜೊತೆ ಕಟ್ಟಿದ್ದ ಕುಟುಂಬದ ಕಂಪನಿಯಲ್ಲಿ ಜಾಗ ಕಳೆದುಕೊಂಡದ್ದು ಹೀಗೆ. ಬ್ಯಾಂಕಿನಲ್ಲಿ ಸಾಲ ನವೀಕರಿಸಲು ಹೋದಾಗಲೇ ಅದು ಗೊತ್ತಾದದ್ದು. ಇದು ಅಪರೂಪದ ಕೇಸೂ ಅಲ್ಲ. 2017ರಲ್ಲಿ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ ಇದೇ ಸೆಕ್ಷನ್ನಿನಡಿ 3 ಲಕ್ಷಕ್ಕೂ ಹೆಚ್ಚು ಡೈರೆಕ್ಟರುಗಳನ್ನು ಅನರ್ಹಗೊಳಿಸಿತ್ತು. ಜಿಎಸ್‌ಟಿ ಬಾಕಿಯಿದ್ದು ಕಂಪನಿಯಿಂದ ವಸೂಲಾಗದಿದ್ದರೆ ಇಲಾಖೆ ಡೈರೆಕ್ಟರುಗಳಿಂದಲೇ ವಸೂಲಿಗೆ ಇಳಿಯುತ್ತದೆ; ತನ್ನ ನಿರ್ಲಕ್ಷ್ಯ ಇರಲಿಲ್ಲ ಎಂದು ಸಾಬೀತು ಮಾಡುವ ಹೊಣೆಯೂ ಡೈರೆಕ್ಟರದ್ದೇ.

ಎರಡನೇ ಡೈರೆಕ್ಟರ್ ಬೇಕೆಂದು ಫೌಂಡರ್ ಕೇಳಿದರೆ ಕೊಡಬೇಕಾದ ಸಲಹೆ ಇಷ್ಟೇ: ಮನೆಯವರಲ್ಲಿ ಯಾರನ್ನಾದರೂ ತಿಳಿಸಿ ಹೇಳಿ ಹಾಕಿಕೊ, ಇಲ್ಲವೇ ಏಕವ್ಯಕ್ತಿ ಕಂಪನಿಯಾಗಿ ಬದಲಾಯಿಸಿಕೊ. ಹೂಡಿಕೆ ತರುವ ಆಸೆಯಿದ್ದರೆ ಏಕವ್ಯಕ್ತಿ ಕಂಪನಿ ಹೊಂದುವುದಿಲ್ಲ, ಅದನ್ನೂ ಹೇಳಿ.

ಷೇರಿನ ಮಾತಿಗೂ ಮರುಳಾಗಬೇಡಿ. "ನಿಮಗೆ ಅರ್ಧ ಪರ್ಸೆಂಟ್ ಈಸಾಪ್ ಇಟ್ಟಿದ್ದೀವಿ ಸರ್" ಎನ್ನುತ್ತಾರೆ. ನಮ್ಮ ಕಾನೂನಿನಲ್ಲಿ ಈಸಾಪ್ (ಮುಂದೆ ನಿಗದಿತ ಬೆಲೆಗೆ ಷೇರು ಕೊಳ್ಳುವ ಹಕ್ಕು) ಆಗಲಿ ಸ್ವೆಟ್ ಈಕ್ವಿಟಿ (ದುಡಿಮೆಗೆ ಪ್ರತಿಯಾಗಿ ಕೊಡುವ ಷೇರು) ಆಗಲಿ ನೌಕರರಿಗೆ ಮತ್ತು ಡೈರೆಕ್ಟರುಗಳಿಗೆ ಮಾತ್ರ. ಹೊರಗಿನ ಮೆಂಟರ್‌ಗೆ ಅದನ್ನು ಕೊಡಲು ಬರುವುದೇ ಇಲ್ಲ. ಷೇರು ಬೇಕಾದರೆ ಡೈರೆಕ್ಟರ್ ಆಗಿಬಿಡಿ ಎಂಬ ಆಮಿಷ ಎಷ್ಟೋ ಮಂದಿಗೆ ಬರುವುದೂ ಈ ಬಾಗಿಲಿನಿಂದಲೇ. ಅಮೆರಿಕದ ಫೌಂಡರ್ ಇನ್‌ಸ್ಟಿಟ್ಯೂಟ್ ಸಲಹೆಗಾರರಿಗಾಗಿ ರೂಪಿಸಿದ ಫಾಸ್ಟ್ ಎಂಬ ಮಾದರಿ ಒಪ್ಪಂದದ ಅಳತೆ ನೋಡಿ: ಐಡಿಯಾ ಹಂತದ ಕಂಪನಿಯಲ್ಲಿ ಸಲಹೆಗಾರರಿಗೆ 0.25ರಿಂದ 1 ಪರ್ಸೆಂಟ್, ಅದೂ ಎರಡು ವರ್ಷದಲ್ಲಿ ತಿಂಗಳು ತಿಂಗಳು ಕೈಸೇರುವಂಥದ್ದು, ಮೊದಲ ಮೂರು ತಿಂಗಳು ಏನೂ ಇಲ್ಲ. ಇಷ್ಟಕ್ಕೆ ಐದು ವರ್ಷದ ಅನರ್ಹತೆಯ ಅಪಾಯ ಹೊರುವುದು ನನ್ನ ಪ್ರಕಾರ ಲೆಕ್ಕಕ್ಕೆ ಬರುವ ವ್ಯವಹಾರವಲ್ಲ.

ಇನ್ನೊಂದು ಹೊಂಡ ಕ್ಲೌಡ್ ಖಾತೆ. ತಂಡದ ಬಳಿ ಕ್ರೆಡಿಟ್ ಕಾರ್ಡ್ ಇರುವುದಿಲ್ಲ, ಸರ್ವರುಗಳನ್ನು ಬಾಡಿಗೆಗೆ ಕೊಡುವ ಅಮೆಜಾನಿನ ಎಡಬ್ಲ್ಯೂಎಸ್ ಖಾತೆಗೆ ಮೆಂಟರ್ ಕಾರ್ಡ್ ಹಾಕಿಸುತ್ತಾರೆ. ಆ ಖಾತೆಯ ಪಾಸ್‌ವರ್ಡ್‌ನಂಥ ಆಕ್ಸೆಸ್ ಕೀ ಒಂದು ದಿನ ಅರಿವಿಲ್ಲದೆ, ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ಗೆ ಹೋಗುತ್ತದೆ. ಕೀ ಹುಡುಕುತ್ತಲೇ ಇರುವ ಬಾಟ್‌ಗಳು ನಿಮಿಷಗಳಲ್ಲಿ ಅದನ್ನು ಹಿಡಿದು ದೊಡ್ಡ ಸರ್ವರುಗಳನ್ನು ತೆರೆದು ಕ್ರಿಪ್ಟೋ ಗಣಿಗಾರಿಕೆಗೆ ಹಚ್ಚುತ್ತವೆ; ಬಿಲ್ಲು ಮೆಂಟರ್ ಕಾರ್ಡಿಗೆ. ಬಜೆಟ್ ಅಲರ್ಟ್ ಇಟ್ಟರೆ ಮೇಲ್ ಬರುತ್ತದೆ, ಖರ್ಚು ತಾನಾಗಿ ನಿಲ್ಲುವುದಿಲ್ಲ. ಖಾತೆ, ಕಾರ್ಡ್, ರೂಟ್ ಇಮೇಲ್ (ಖಾತೆಯ ಪೂರ್ಣ ಹಿಡಿತವಿರುವ ಇಮೇಲ್) ಮೂರೂ ಕಂಪನಿಯ ಹೆಸರಲ್ಲೇ ಇರಲಿ.

ನೌಕರಿಯಲ್ಲಿರುವವರು ಮೆಂಟರ್ ಆಗುವ ಮೊದಲು ಎಚ್‌ಆರ್‌ನಿಂದ ಲಿಖಿತ ಅನುಮತಿ ಪಡೆಯಿರಿ. ಆಫೀಸ್ ಲ್ಯಾಪ್‌ಟಾಪಿನಲ್ಲಿ ತಂಡಕ್ಕಾಗಿ ಒಂದು ಸಾಲು ಕೋಡನ್ನೂ ಬರೆಯಬೇಡಿ.

ಈಗಾಗಲೇ ಡೈರೆಕ್ಟರ್ ಆಗಿಬಿಟ್ಟಿದ್ದರೆ ಇವತ್ತೇ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಎಂಸಿಎ ಪೋರ್ಟಲ್‌ನಲ್ಲಿ ಕಂಪನಿಯ ಮಾಸ್ಟರ್ ಡೇಟಾ ತೆರೆಯಿರಿ. ಕೊನೆಯ ವಾರ್ಷಿಕ ಸಭೆ, ಕೊನೆಯ ಬ್ಯಾಲೆನ್ಸ್ ಶೀಟಿನ ದಿನಾಂಕ ಅಲ್ಲಿರುತ್ತದೆ. ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಯೊಳಗೆ ಸಭೆ ನಡೆಯಬೇಕಾದ್ದರಿಂದ, ಡಿಸೆಂಬರ್ ಬಂದರೂ ಹಳೆಯ ದಿನಾಂಕವೇ ಕಂಡರೆ ಬಾಕಿಯಿದೆ ಎಂದೇ ಅರ್ಥ. ರಾಜೀನಾಮೆಯನ್ನು ವಾಟ್ಸಾಪ್‌ನಲ್ಲಿ ಹೇಳಿ ಸುಮ್ಮನಾಗಬೇಡಿ. ಕಂಪನಿಯ ನೋಂದಾಯಿತ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಿ, ಇಮೇಲೂ ಕಳಿಸಿ. ನೀವು ಬಿಟ್ಟದ್ದನ್ನು ತಿಳಿಸುವ ಡಿಐಆರ್-12 ಫಾರಂ ಅನ್ನು ಕಂಪನಿ 30 ದಿನದೊಳಗೆ ಸಲ್ಲಿಸಬೇಕು. ಅವರು ಅಲುಗಾಡದಿದ್ದರೆ ರಾಜೀನಾಮೆ ಪತ್ರ ಮತ್ತು ಪೋಸ್ಟ್ ರಸೀದಿ ಲಗತ್ತಿಸಿ ಡಿಐಆರ್-11 ಫಾರಂ ಅನ್ನು ನೀವೇ ಸಲ್ಲಿಸಬಹುದು. ಮೂರನೇ ವರ್ಷದ ಗಡುವು ಮುಗಿಯುವ ಮೊದಲು ಇದಾಗಬೇಕು. ಬರುವಾಗ ಡ್ರಾಯರಿನಲ್ಲಿರುವ ಟೋಕನ್ ವಾಪಸ್ ತನ್ನಿ.